ಬೆಂಚಿಗೊಂದು ಹೊಸ ಹಲಗೆ

ಜೂನ್ ಬಂತೆಂದರೆ ಮಂಗಳೂರಿನ ಹಳೆಯ ಮನೆಗಳ ಬಾಗಿಲುಗಳಿಗೆ ಹಟ ಬರುತ್ತದೆ. ಮೇ ತಿಂಗಳಲ್ಲಿ ಒಂದು ಬೆರಳಿನಿಂದ ತಳ್ಳಿದರೆ ಮುಚ್ಚುತ್ತಿದ್ದ ಬಾಗಿಲಿಗೆ ಆಗ ಭುಜ ಕೊಡಬೇಕು. ಕಪಾಟಿನ ಡ್ರಾವರ್ ಎಳೆದರೆ ಹಿಡಿ ಕೈಗೆ ಬರುತ್ತದೆ, ಡ್ರಾವರ್ ಬರುವುದಿಲ್ಲ. ಮನೆಯ ಹಿರಿಯರು "ಮಳೆಗೆ ಮರ ಉಬ್ಬಿದೆ, ಕೀಸಬೇಡಿ, ನವೆಂಬರಿಗೆ ಸರಿಯಾಗ್ತದೆ" ಎಂದು ಹೇಳಿ ಸುಮ್ಮನಾಗುತ್ತಾರೆ. ನಾವೆಲ್ಲ ಇದನ್ನು ನೋಡುತ್ತಲೇ ಬೆಳೆದವರು. ಆದರೆ ಈ ಉಬ್ಬುವಿಕೆ ಎಷ್ಟು, ಯಾವ ದಿಕ್ಕಿಗೆ, ಅದನ್ನು ತಡೆದರೆ ಏನಾಗುತ್ತದೆ ಎಂದು ನನಗೆ ತಿಳಿದದ್ದು ಪ್ರಥಮ ಪಿ.ಯು.ಸಿ. ಪರೀಕ್ಷೆ ಮುಗಿದ ರಜೆಯಲ್ಲಿ, ಮಾಮನ ಮರದ ಕೆಲಸದ ಬೆಂಚಿಗೆ ಹೊಸ ಹಲಗೆ ಕೂರಿಸಿದಾಗ.

ಮಾಮನ ಶೆಡ್ ಇರುವುದು ಕುದ್ರೋಳಿ ಕಡೆಯ ಒಂದು ಓಣಿಯಲ್ಲಿ. ಅದು ಅಜ್ಜನ ಕಾಲದ್ದು. ಮಾಮ ಹಲವು ವರ್ಷ ಸೌದಿಯಲ್ಲಿ ಬಡಗಿ ಕೆಲಸ ಮಾಡಿ ಮರಳಿ ಬಂದ ಮೇಲೆ ಅದೇ ಶೆಡ್ಡಿನ ಬೀಗ ತೆಗೆದರು. ಒಳಗೆ ಇದ್ದ ಮುಖ್ಯ ಆಸ್ತಿಯೆಂದರೆ ಆ ಬೆಂಚು. ಉದ್ದ 6 ಅಡಿ, ಅಗಲ 2 ಅಡಿ. ಕಾಲುಗಳು ಬೋಗಿ ಮರದವು, ಇಂದಿಗೂ ಕಬ್ಬಿಣದಂತಿವೆ. ಮೇಲಿನ ಹಲಗೆ ಮಾತ್ರ ಮುಗಿದುಹೋಗಿತ್ತು. ನಡುವೆ ಉದ್ದಕ್ಕೆ ಬಿರುಕು, ಹಿಂಬದಿಯ ಮೂಲೆಯಲ್ಲಿ ಗೆದ್ದಲು, ಮೇಲಿನಿಂದ ಹೊಡೆದ ಮೊಳೆಗಳೆಲ್ಲ ಸಡಿಲ. ಕೀಸುಳಿ ಮುಂದಕ್ಕೆ ಹೋದಾಗ ಹಲಗೆಯೂ ಜೊತೆಗೆ ಅರ್ಧ ಇಂಚು ಮುಂದೆ ಹೋಗುತ್ತಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಮಾಮ ಕಿಟಕಿಯ ದಾರಂದಕ್ಕೆ ಉಳಿಯಲ್ಲಿ ಕುಳಿ ತೆಗೆಯುತ್ತಿದ್ದಾಗ ಹಲಗೆ ಸರಿಯಿತು. ಉಳಿ ಜಾರಿ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. 7 ಹೊಲಿಗೆ, 3 ವಾರ ಕೆಲಸವಿಲ್ಲ. ಒಪ್ಪಿಕೊಂಡಿದ್ದ ಕೆಲಸ ಬೇರೆಯವರಿಗೆ ಹೋಯಿತು. ಮನೆಯಲ್ಲಿ ಚರ್ಚೆ ಶುರುವಾಯಿತು. ಉಮ್ಮ, "ಆ ಹಳೆ ಬೆಂಚನ್ನು ಒಲೆಗೆ ಹಾಕಿ. ರೆಡಿಮೇಡ್ ಫರ್ನಿಚರ್ ಅಂಗಡಿಯಲ್ಲಿ ಕೆಲಸ ಕೇಳಿ, ತಿಂಗಳಾದರೆ ಸಂಬಳ ಬರ್ತದೆ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಾಮನಿಗೆ ಇಬ್ಬರು ಶಾಲೆಗೆ ಹೋಗುವ ಹೆಣ್ಣುಮಕ್ಕಳು. ಒಂದು ಕೈಯ ಗಾಯ ಒಂದು ಮನೆಯ ತಿಂಗಳ ಲೆಕ್ಕವನ್ನೇ ಅಲುಗಾಡಿಸುತ್ತದೆ ಎನ್ನುವುದನ್ನು ನಾವೆಲ್ಲ ಆ ದಿನಗಳಲ್ಲಿ ಕಂಡೆವು. ಮಾಮ ಹೆಚ್ಚು ಮಾತಾಡಲಿಲ್ಲ. "ಈದ್ ಕಳೆಯಲಿ. ಒಂದು ಹಲಗೆ ಹಾಕಿ ನೋಡ್ತೇನೆ. ಮಳೆಗಾಲ ದಾಟಿದರೆ ಶೆಡ್ ಉಳೀತದೆ, ಇಲ್ಲದಿದ್ದರೆ ನೀವು ಹೇಳಿದ ಹಾಗೆ" ಎಂದರು.

ಪ್ಲೈವುಡ್ ಹಾಕಿದರೆ ಅರ್ಧ ದಿನದ ಕೆಲಸ. ಅದರಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಅಂಟಿಸಿರುವುದರಿಂದ ಹಿಗ್ಗುವುದು ಕುಗ್ಗುವುದು ಬಹಳ ಕಡಿಮೆ. ಆದರೆ ಕೊಡತಿಯ ಪೆಟ್ಟಿಗೆ ಅದು ಪುಟಿಯುತ್ತದೆ, ಒಮ್ಮೆ ಮೇಲ್ಪದರ ಎದ್ದರೆ ಕೀಸಿ ಸಮ ಮಾಡಲು ಆಗುವುದಿಲ್ಲ. ಗಟ್ಟಿ ಮರದ ಹಲಗೆಯಾದರೆ ವರ್ಷಕ್ಕೊಮ್ಮೆ ಮೇಲ್ಮೈ ಕೀಸಿ ಹೊಸದು ಮಾಡಬಹುದು. ಹಾಗಾಗಿ ಮಾಮ ಮರವನ್ನೇ ಆರಿಸಿದರು. ಆದರೆ ಹಸಿ ಮರ ಬೇಡ, ಒಣಗಿದ್ದೇ ಬೇಕು. ದಪ್ಪ ಹಲಗೆ ನೆರಳಿನಲ್ಲಿ ಒಣಗಲು ಒಂದಿಂಚಿಗೆ ಸುಮಾರು ಒಂದು ವರ್ಷ ಎಂದು ಬಡಗಿಗಳ ಲೆಕ್ಕ. ಅಷ್ಟು ಸಮಯ ಯಾರಿಗಿದೆ? ಕೊನೆಗೆ ಒಂದು ಹಳೆಯ ಹೆಂಚಿನ ಮನೆ ಕೆಡವಿದಲ್ಲಿ ಹೆಬ್ಬಲಸಿನ ತೊಲೆಗಳು ಸಿಕ್ಕಿದವು. ಹೆಬ್ಬಲಸು ನಮ್ಮ ಕರಾವಳಿಯ ಮರ. ದೋಣಿಗೂ ದಾರಂದಕ್ಕೂ ಹೆಸರಾದದ್ದು. ತೊಲೆಯಲ್ಲಿ ಉಳಿದಿದ್ದ ಮೊಳೆಗಳನ್ನು ನಾನು ಅಯಸ್ಕಾಂತ ಹಿಡಿದು ಹುಡುಕಿ, ಇಕ್ಕಳದಲ್ಲಿ ಎಳೆದು ತೆಗೆದೆ. ಒಂದು ಮೊಳೆ ಉಳಿದರೂ ಸಾಮಿಲ್ಲಿನ ಗರಗಸ ಹಾಳು. ಹಳೆ ಮರವೆಂದರೆ ಅವರು ಮುಖ ಸಿಂಡರಿಸುವುದೂ ಅದಕ್ಕೇ. 8 ಇಂಚು ಅಗಲದ, ಎರಡೂವರೆ ಇಂಚು ದಪ್ಪದ 3 ಹಲಗೆಗಳು ಸಿದ್ಧವಾದವು.

ಇಷ್ಟಾದ ಮೇಲೆ ಮಾಮ ಹೇಳಿದರು, "ಇದನ್ನು ಕೂರಿಸುವಾಗ ಆಚಾರ್ರು ಇರಬೇಕು."

ಆಚಾರ್ರು ಅಂದರೆ ಅಜ್ಜನ ಜೊತೆ ಅದೇ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದವರು. ಮರ ತರುವುದು ಅಜ್ಜ, ಕೆತ್ತುವುದು ಅವರು. ಈಗ ವಯಸ್ಸಾಗಿ ಮನೆಯಲ್ಲೇ ಇದ್ದಾರೆ. ಕೆಲವು ವರ್ಷಗಳಿಂದ ಹೋಗಿಬರುವುದು ನಿಂತಿತ್ತು. ಜಗಳವೇನೂ ಇರಲಿಲ್ಲ. ಆದರೆ ಊರಿನ ಗಾಳಿ ಆಗಾಗ ಕೆಡುತ್ತದೆ, ಅವರ ಅಂಗಡಿ ಅವರಿಗೆ ಇವರ ಅಂಗಡಿ ಇವರಿಗೆ ಎನ್ನುವ ಮಾತುಗಳು ನಮ್ಮ ಕಿವಿಗೂ ಬೀಳುತ್ತವೆ. ಅಂಥ ದಿನಗಳಲ್ಲಿ ಯಾರೂ ಏನೂ ಹೇಳದೆಯೇ ಕಾಲು ಹಿಂದೆಗೆಯುತ್ತದೆ. ಕರೆದರೆ ಅವರಿಗೆ ಕಷ್ಟವಾದೀತೇ ಎಂದು ಮಾಮ ಎರಡು ದಿನ ಯೋಚಿಸಿದರು. ಮೂರನೆಯ ದಿನ ಫೋನ್ ಮಾಡಿ ತುಳುವಿನಲ್ಲಿ ವಿಷಯ ಹೇಳಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ನಿನ್ನ ಬಾಪನ ಬೆಂಚಾ? ರಿಕ್ಷಾ ಕಳಿಸು ಮಾರಾಯ, ಈಗಲೇ ಬರ್ತೇನೆ."

ಬಂದವರು ಮೊದಲು ಹಳೆ ಹಲಗೆಯನ್ನು ತಿರುವಿ ನೋಡಿದರು. "ಇದನ್ನು ಮರ ಕೊಂದದ್ದಲ್ಲ, ಮೊಳೆ ಕೊಂದದ್ದು" ಎಂದರು. ಅಜ್ಜ ತೀರಿಕೊಂಡ ಮೇಲೆ ಯಾರೋ ಅಲುಗಾಟ ನಿಲ್ಲಿಸಲು ಮುಂದೆ ಹಿಂದೆ ಎರಡೂ ಕಡೆ ಉದ್ದ ಮೊಳೆ ಬಡಿದಿದ್ದರು. ಮಳೆಗಾಲದಲ್ಲಿ ಉಬ್ಬಿದ್ದ ಹಲಗೆ ಬೇಸಿಗೆಯಲ್ಲಿ ಅಗಲದಲ್ಲಿ ಕುಗ್ಗಬೇಕು. ಎರಡೂ ಅಂಚು ಮೊಳೆಯ ಹಿಡಿತದಲ್ಲಿದ್ದರೆ ಕುಗ್ಗುವುದು ಎಲ್ಲಿಗೆ? ನಡುವೆ ಎಳೆಯ ಉದ್ದಕ್ಕೆ ಸೀಳುತ್ತದೆ. ಬೇಸಿಗೆಯಲ್ಲಿ ಬಡಿದಿದ್ದರೆ ಇನ್ನೊಂದು ಬಗೆ: ಮಳೆಗೆ ಉಬ್ಬಿ, ಜಾಗ ಸಿಗದೆ, ಹಲಗೆ ಬೆನ್ನು ಬಗ್ಗಿಸಿ ಮೊಳೆಗಳನ್ನೇ ಮೇಲಕ್ಕೆ ಕೀಳುತ್ತದೆ. "ಮರಕ್ಕೆ ಉಸಿರಾಡಲು ಜಾಗ ಬಿಡಬೇಕು ಮಗಾ" ಎಂದು ಅವರು ನನಗೆ ಹೇಳಿದರು.

ಉಸಿರಾಟ ಎನ್ನುವುದು ಅವರ ಮಾತು. ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಅದನ್ನು ಹೀಗೆ ಅರ್ಥ ಮಾಡಿಕೊಂಡೆ. ಮರದ ಜೀವಕೋಶಗಳ ಗೋಡೆ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಸುತ್ತಲಿನ ಗಾಳಿಗೆ ಸಮವಾಗುವವರೆಗೆ ಇದು ನಡೆಯುತ್ತದೆ. ಗೋಡೆಯಲ್ಲಿ ನೀರು ಸೇರಿದಾಗ ಅದು ದಪ್ಪವಾಗುತ್ತದೆ. ಜೀವಕೋಶಗಳು ಮರದ ಉದ್ದಕ್ಕೆ ಕೊಳವೆಗಳಂತೆ ಇರುವುದರಿಂದ ಹಲಗೆ ಉದ್ದದಲ್ಲಿ ಬದಲಾಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಸಾಮಾನ್ಯವಾಗಿ ಮರದ ತೇವ ಶೇಕಡಾ 1ರಷ್ಟು ಹೆಚ್ಚಿದರೆ ಹಲಗೆಯ ಅಗಲ ಸುಮಾರು ಶೇಕಡಾ 0.2ರಷ್ಟು ಹೆಚ್ಚುತ್ತದೆ. ಜಾತಿಯಿಂದ ಜಾತಿಗೆ, ಸೀಳಿದ ರೀತಿಯಿಂದ ರೀತಿಗೆ ಇದು ಬದಲಾಗುತ್ತದೆ. ದಪ್ಪ ಹಲಗೆಯಲ್ಲಿ ಬೇಸಿಗೆಯಿಂದ ಮಳೆಗಾಲಕ್ಕೆ ತೇವ ಶೇಕಡಾ 4ರಷ್ಟು ಏರಿತು ಎಂದಿಟ್ಟುಕೊಳ್ಳಿ. 2 ಅಡಿ ಅಂದರೆ ಸುಮಾರು 610 ಮಿಲಿಮೀಟರ್. ಅದರ ಶೇಕಡಾ 0.8 ಎಂದರೆ ಹತ್ತಿರ ಹತ್ತಿರ 5 ಮಿಲಿಮೀಟರ್. ಆಚಾರ್ರ ಭಾಷೆಯಲ್ಲಿ ಒಂದೂವರೆ ನೂಲು. ಒಂದು ನೂಲು ಎಂದರೆ ಇಂಚಿನ ಎಂಟನೆಯ ಒಂದು ಭಾಗ. ನಾನು ನೋಟ್‌ಬುಕ್ಕಿನಲ್ಲಿ ಗುಣಿಸಿ ತೋರಿಸಿದಾಗ ಅವರು ನಕ್ಕು, "ನಾನು ಎರಡು ನೂಲು ಬಿಡ್ತೇನೆ. ನಿನ್ನ ಪುಸ್ತಕಕ್ಕೆ ಮಂಗಳೂರಿನ ಮಳೆ ಗೊತ್ತಿಲ್ಲ" ಎಂದರು.

ಕೆಲಸ ಹೀಗೆ ನಡೆಯಿತು. ಮೊದಲು 3 ಹಲಗೆಗಳ ಅಂಚು ಕೀಸಿ, ಅಂಟು ಹಚ್ಚಿ, ಕ್ಲ್ಯಾಂಪ್ ಹಾಕಿ ಒಂದು ಮಾಡಿದೆವು. ಇಲ್ಲಿ ಅಂಟು ತೊಂದರೆ ಕೊಡುವುದಿಲ್ಲ, ಏಕೆಂದರೆ ಮೂರರ ಎಳೆಯೂ ಒಂದೇ ದಿಕ್ಕಿಗಿದೆ, ಮೂರೂ ಒಟ್ಟಿಗೆ ಹಿಗ್ಗುತ್ತವೆ. ಆದರೆ ಕೆಳಗಿನ ಚೌಕಟ್ಟಿನ ಅಡ್ಡಪಟ್ಟಿಗಳಿಗೆ ಅಂಟು ಮುಟ್ಟಿಸಬಾರದು. ಪಟ್ಟಿಯ ಎಳೆ ಅಡ್ಡಕ್ಕೆ ಇರುವುದರಿಂದ ಅದು ಆ ದಿಕ್ಕಿಗೆ ಉದ್ದವಾಗುವುದಿಲ್ಲ, ಮೇಲಿನ ಹಲಗೆ ಅಗಲವಾಗುತ್ತದೆ. ಎರಡನ್ನೂ ಅಂಟಿಸಿದರೆ ಮತ್ತೆ ಅದೇ ಹಳೆಯ ಕಥೆ.

ಬೆಂಚಿಗೆ ಮುಂಗಾಲಿನಿಂದ ಹಿಂಗಾಲಿಗೆ ಹೋಗುವ 3 ಅಡ್ಡಪಟ್ಟಿಗಳಿವೆ: ಎರಡು ತುದಿಗಳಲ್ಲಿ ಒಂದೊಂದು, ನಡುವೆ ಒಂದು. ಪ್ರತಿ ಪಟ್ಟಿಗೆ ಕೆಳಗಿನಿಂದ ಮೇಲಕ್ಕೆ 3 ರಂಧ್ರ. ಕೆಲಸಗಾರ ನಿಲ್ಲುವ ಮುಂಬದಿಯ ರಂಧ್ರ ದುಂಡಗೆ, ಸ್ಕ್ರೂವಿಗೆ ಸರಿಯಾಗಿ. ನಡುವಿನದು ಒಂದು ನೂಲು ಉದ್ದ ಹೆಚ್ಚು. ಹಿಂಬದಿಯದು ಎರಡು ನೂಲು ಉದ್ದ ಹೆಚ್ಚು. ಏಕೆಂದರೆ ಮುಂಬದಿ ಅಲುಗದೆ ನಿಂತರೆ ಹಿಗ್ಗುವುದೆಲ್ಲ ಹಿಂದಕ್ಕೆ ಹೋಗಬೇಕು. ನಡುವೆ ಅದರ ಅರ್ಧ, ಕೊನೆಯಲ್ಲಿ ಪೂರ್ತಿ. ಮುಂಬದಿಯನ್ನೇ ಗಟ್ಟಿ ಮಾಡುವುದಕ್ಕೂ ಕಾರಣವಿದೆ. ವೈಸ್ ಇರುವುದು ಅಲ್ಲಿ, ಕೆಲಸ ನಡೆಯುವುದು ಅಲ್ಲಿ. ಆ ಅಂಚು ಕಾಲಿನ ಸಮಕ್ಕೆ ಸದಾ ಇರಬೇಕು. ಹಿಂದಿನ ಅಂಚು ಒಂದು ನೂಲು ಹೊರಗೆ ಬಂದರೆ ಯಾರಿಗೂ ಅಡ್ಡಿಯಿಲ್ಲ.

ಇನ್ನೊಂದು ಸೂಕ್ಷ್ಮ. ನಾವು ಕೂರಿಸುತ್ತಿದ್ದುದು ಏಪ್ರಿಲಿನಲ್ಲಿ, ಅಂದರೆ ಹಲಗೆ ಕುಗ್ಗಿರುವ ಕಾಲದಲ್ಲಿ. ಇನ್ನು ಮುಂದೆ ಅದು ಹಿಗ್ಗುವುದೇ ಹೆಚ್ಚು. ಆದ್ದರಿಂದ ಉದ್ದ ರಂಧ್ರಗಳಲ್ಲಿ ಸ್ಕ್ರೂ ನಡುವೆ ನಿಲ್ಲದೆ ಮುಂಬದಿಯ ಕೊನೆಗೆ ಹತ್ತಿರ ನಿಲ್ಲಬೇಕು, ಹಿಂದೆ ಜಾಗ ಉಳಿಯಬೇಕು. ಆಗಸ್ಟಿನಲ್ಲಿ ಕೂರಿಸುವುದಾದರೆ ಇದು ತಿರುವುಮುರುವು. ಇದನ್ನು ಆಚಾರ್ರು ಹೇಳುವವರೆಗೆ ಮಾಮನೂ ಯೋಚಿಸಿರಲಿಲ್ಲ.

ಅಡ್ಡಪಟ್ಟಿಯ ದಪ್ಪ 3 ಇಂಚು. ನಾಲ್ಕೂವರೆ ಇಂಚಿನ ಕೋಚ್ ಸ್ಕ್ರೂ ತಂದೆವು. ಅಗಲ ವಾಷರಿನ ದಪ್ಪ ಕಳೆದರೆ ಹಲಗೆಯ ಒಳಗೆ ಹೋಗುವುದು ಒಂದೂವರೆ ಇಂಚಿಗೂ ತುಸು ಕಡಿಮೆ, ಮೇಲೆ ಒಂದು ಇಂಚು ಮರ ಉಳಿಯುತ್ತದೆ. ವರ್ಷ ವರ್ಷ ಕೀಸಿದರೂ ಕೀಸುಳಿಯ ಅಲಗಿಗೆ ಕಬ್ಬಿಣ ಸಿಗುವುದಿಲ್ಲ. ಮೇಲಿನಿಂದ ಮೊಳೆ ಹೊಡೆಯುವುದಕ್ಕೂ ಕೆಳಗಿನಿಂದ ಸ್ಕ್ರೂ ಹಾಕುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಸಮುದ್ರದ ಉಪ್ಪು ಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಆರಿಸಿದೆವು. ಸಣ್ಣ ಬೈರಿಗೆಯಿಂದ ಮೊದಲು ದಾರಿ ಕೊರೆದು, ಸ್ಕ್ರೂವಿನ ಎಳೆಗೆ ಸಾಬೂನು ತಿಕ್ಕಿ, ಕೈಯಿಂದಲೇ ಬಿಗಿದೆವು. ಮುಂದಿನ ಮೂರನ್ನು ಪೂರ್ತಿ ಬಿಗಿ. ಉಳಿದ ಆರನ್ನು ಬಿಗಿದು ಕಾಲು ಸುತ್ತು ಸಡಿಲ.

"ಸಡಿಲ ಬಿಟ್ಟರೆ ಕೀಸುವಾಗ ಮತ್ತೆ ಜಾರುವುದಿಲ್ಲವೇ?" ಎಂದು ನಾನು ಕೇಳಿದೆ. ಮಾಮನ ಕೈ ನನ್ನ ಕಣ್ಣೆದುರಿಗೇ ಇತ್ತು. ಆಚಾರ್ರು ಎರಡು ಮರದ ಗೂಟಗಳನ್ನು ತೋರಿಸಿದರು, ಒಂದಿಂಚು ದಪ್ಪದವು. ಎರಡು ತುದಿಯ ಅಡ್ಡಪಟ್ಟಿಗಳ ಮುಂಬದಿಯಲ್ಲಿ ಅವನ್ನು ನೆಟ್ಟು, ಹಲಗೆಯ ಅಡಿಯಲ್ಲಿ ಅವಕ್ಕೆ ಸರಿಯಾದ ಕುಳಿ ತೆಗೆದರು. ಕೀಸುವ ಬಲ ಹಲಗೆಯ ಉದ್ದಕ್ಕೆ ಬೀಳುತ್ತದೆ. ಅದನ್ನು ಗೂಟಗಳು ತಡೆಯುತ್ತವೆ. ಉದ್ದದಲ್ಲಿ ಮರ ಹಿಗ್ಗುವುದಿಲ್ಲವಾದ್ದರಿಂದ ಗೂಟಗಳಿಗೂ ತೊಂದರೆಯಿಲ್ಲ. ಹಲಗೆ ಮೇಲೇಳದಂತೆ ನೋಡಿಕೊಳ್ಳುವುದು ಸ್ಕ್ರೂಗಳ ಕೆಲಸ, ಜೊತೆಗೆ ಅದರ ತೂಕವೂ ಇದೆ. ಎರಡೂವರೆ ಘನ ಅಡಿ ಹೆಬ್ಬಲಸು ಎಂದರೆ ಸುಮಾರು 40 ಕಿಲೋ. ಹಿಡಿಯಬೇಕಾದ ದಿಕ್ಕಿಗೆ ಗಟ್ಟಿಯಾಗಿ ಹಿಡಿ, ಬಿಡಬೇಕಾದ ದಿಕ್ಕಿಗೆ ಬಿಡು. ಇಡೀ ವಿದ್ಯೆ ಇಷ್ಟೇ.

ಕೊನೆಗೆ ಅಗಸೆ ಎಣ್ಣೆ ಹಚ್ಚುವ ಕೆಲಸ ನನ್ನದು. ಯಾರೂ ನೋಡದ ಅಡಿಭಾಗಕ್ಕೂ ಹಚ್ಚಿಸಿದರು. ಒಂದು ಮುಖಕ್ಕೆ ಮಾತ್ರ ಹಚ್ಚಿದರೆ ಇನ್ನೊಂದು ಮುಖ ಬೇಗ ತೇವ ಹೀರಿ ಹಲಗೆ ಡೊಂಕಾಗುತ್ತದೆಯಂತೆ. ಕೊಯ್ದ ತುದಿಗಳಿಗೆ ಇನ್ನೂ ಎರಡು ಸುತ್ತು, ಏಕೆಂದರೆ ಕೊಳವೆಗಳ ಬಾಯಿ ತೆರೆದಿರುವುದು ಅಲ್ಲಿ.

ಇದಾದ ಮೇಲೆ ನನ್ನ ಕಣ್ಣಿಗೆ ಊರೇ ಬೇರೆಯಾಗಿ ಕಾಣತೊಡಗಿತು. ಹಳೆಯ ಮನೆಯ ಬಾಗಿಲು ನೋಡಿ: ಚೌಕಟ್ಟಿನ ತೋಡಿನೊಳಗೆ ಹಲಗೆ ಸುಮ್ಮನೆ ಕೂತಿರುತ್ತದೆ, ಅಂಟಿಸಿರುವುದಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಕಾರ್ಖಾನೆ ತೆರೆದು ತಯಾರಿಸಿದ ಮಂಗಳೂರು ಹೆಂಚು ರೀಪಿನ ಮೇಲೆ ತನ್ನ ಕಿವಿಯಿಂದಲೂ ತೂಕದಿಂದಲೂ ನಿಲ್ಲುತ್ತದೆ, ಮೊಳೆ ಬೇಕಿಲ್ಲ. ತೊಕ್ಕೊಟ್ಟಿನಿಂದ ಬರುವ ಗೆಳೆಯರಿಗೆ ನೇತ್ರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕೇಳುವ 'ಥಡ್ ಥಡ್' ಸದ್ದು ಗೊತ್ತಿದೆ. ಅದು ಬಿಸಿಲಿಗೆ ಹಿಗ್ಗುವ ಕಾಂಕ್ರೀಟಿಗೆ ಬಿಟ್ಟ ಸಂದಿ. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಮಂಜಿಗಳಲ್ಲಿ ಇದೇ ಗುಣವನ್ನು ಉಪಯೋಗಕ್ಕೆ ತಂದಿದ್ದಾರೆ: ಹಲಗೆಗಳ ಸಂದಿಗೆ ಹತ್ತಿ ತುರುಕಿ ನೀರಿಗಿಳಿಸಿದರೆ ಮರ ಉಬ್ಬಿ ಸಂದಿ ತಾನಾಗಿ ಬಿಗಿಯುತ್ತದೆ.

ಒಂದು ಶುಕ್ರವಾರ ಮಾಮ ನನ್ನನ್ನು ಬಂದರಿನ ಝೀನತ್ ಬಕ್ಷ್ ಕೇಂದ್ರ ಜುಮಾ ಮಸೀದಿಗೆ ಕರೆದುಕೊಂಡು ಹೋದರು. ಟಿಪ್ಪು ಸುಲ್ತಾನರ ಕಾಲದಲ್ಲಿ ನವೀಕರಣಗೊಂಡು ಅವರ ಮಗಳ ಹೆಸರು ಪಡೆಯಿತೆಂದು ಹೇಳುವ ಮಸೀದಿ ಅದು. ನಮಾಝಿನ ನಂತರ ಒಳಗಿನ ಕೆತ್ತನೆಯ ಮರದ ಕಂಬಗಳ ಬಳಿ ಕೂತೆವು. ಎಷ್ಟು ಮಳೆಗಾಲ ದಾಟಿವೆ ಆ ಕಂಬಗಳು! ಮಾಮ ಕೈಯ ಗಾಯದ ಗೆರೆಯನ್ನು ಸವರುತ್ತಾ, ಝಕರಿಯಾ ನಬಿ (ಅ) ಬಡಗಿಯಾಗಿದ್ದರು ಎಂಬ ಹದೀಸನ್ನು ನೆನಪಿಸಿದರು. ನೂಹ್ ನಬಿ (ಅ) ಹಡಗು ಕಟ್ಟಿದ್ದು ನಮಗೆಲ್ಲ ಗೊತ್ತು. ಪ್ರವಾದಿ (ಸ)ರವರು ನಿಂತು ಉಪದೇಶಿಸಿದ ಮಿಂಬರನ್ನೂ ಒಬ್ಬ ಬಡಗಿಯೇ ಮಾಡಿಕೊಟ್ಟದ್ದು. ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಉತ್ತಮವಾದುದಿಲ್ಲ ಎಂಬ ಬೋಧನೆಯನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಆದರೂ ಸಿ.ಇ.ಟಿ., ನೀಟ್ ಎಂದು ಓಡುವ ನಮ್ಮ ತರಗತಿಯಲ್ಲಿ "ಬಡಗಿಯಾಗುತ್ತೇನೆ" ಎಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಹಲಗೆ ಕೂರಿಸಿದ ಆ 4 ದಿನಗಳಲ್ಲಿ ನಾನು ಕಂಡದ್ದು ಭೌತಶಾಸ್ತ್ರ, ಜೀವಶಾಸ್ತ್ರ, ಗಣಿತ ಮೂರೂ ಸೇರಿದ ಒಂದು ವಿದ್ಯೆ. ಅದನ್ನು ಬಲ್ಲವರಿಗೆ ಸರ್ಟಿಫಿಕೇಟ್ ಇರಲಿಲ್ಲ, ಅಷ್ಟೇ.

ಮಳೆ ಬಂತು. ಏಪ್ರಿಲಿನಲ್ಲೇ ನಾನು ಹಿಂಬದಿಯ ಅಂಚು ಅಡ್ಡಪಟ್ಟಿಯ ಮೇಲೆ ಎಲ್ಲಿಗೆ ನಿಂತಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿದ್ದೆ. ಪ್ರತಿ ಭಾನುವಾರ ಹೋಗಿ ಅಳೆಯುತ್ತಿದ್ದೆ. ಜೂನ್ ಮೊದಲ ವಾರ ಏನೂ ಇಲ್ಲ. ಜೂನ್ ಕೊನೆಗೆ 2 ಮಿಲಿಮೀಟರ್. ಜುಲೈ ಕೊನೆಗೆ 4. ಆಗಸ್ಟಿನಲ್ಲಿ ನಾಲ್ಕೂವರೆಗೆ ನಿಂತಿತು. ಮುಂಬದಿಯ ಅಂಚು ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮಟ್ಟಕೋಲು ಇಟ್ಟು ನೋಡಿದರೆ ಬಿರುಕಿಲ್ಲ, ಡೊಂಕಿಲ್ಲ. ಮಾಮ ಆ ಬೆಂಚಿನ ಮೇಲೆ ಜುಲೈ ತಿಂಗಳಲ್ಲಿ ಒಂದು ಮನೆಯ 6 ಕಿಟಕಿ ಮುಗಿಸಿದರು. ಆ ಹಣದಲ್ಲಿ ಹುಡುಗಿಯರ ಫೀಸು ಕಟ್ಟಿದ್ದನ್ನು ಉಮ್ಮ ನನಗೆ ಹೇಳಿದರು. ರೆಡಿಮೇಡ್ ಅಂಗಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಆಚಾರ್ರು ಈಗ ವಾರಕ್ಕೊಮ್ಮೆ ಬರುತ್ತಾರೆ. ಕೈ ನಡುಗುವುದರಿಂದ ಉಳಿ ಹಿಡಿಯುವುದಿಲ್ಲ. ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾ ಮಾಮನ ಕೆಲಸ ನೋಡಿ ಬಯ್ಯುತ್ತಾರೆ, ಅಜ್ಜನ ಕಥೆ ಹೇಳುತ್ತಾರೆ. ನನಗೆ ಮೂಲೆಮಟ್ಟ ಹಿಡಿಯಲು ಕಲಿಸುತ್ತಿದ್ದಾರೆ.

ಗೆಳೆಯರೇ, ಮುಂದಿನ ಪ್ರಾಕ್ಟಿಕಲ್ ತರಗತಿಗೆ ಹೋದಾಗ ಲ್ಯಾಬಿನ ಮೇಜಿನ ಅಡಿಗೆ ಒಮ್ಮೆ ಬಗ್ಗಿ ನೋಡಿ. ಮೇಲಿನ ಹಲಗೆಯನ್ನು ಹಿಡಿದಿರುವ ತಗಡಿನ ಪಟ್ಟಿಯಲ್ಲಿ ಸ್ಕ್ರೂವಿನ ತೂತು ಉದ್ದಗಿದ್ದರೆ, ಅದನ್ನು ಮಾಡಿದವನಿಗೆ ನಮ್ಮೂರಿನ ಮಳೆ ಗೊತ್ತಿತ್ತು ಎಂದು ತಿಳಿಯಿರಿ.